ಕೈ ಎತ್ತದ ಅಮ್ಮ

ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಹುಣಸೂರಿನ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಯಾರದೋ ಮದುವೆ ರವಿಕೆಗೆ ಹುಕ್ಕು ಹಾಕುತ್ತಿದ್ದೆ. ಮೊಬೈಲು ಒಂದೇ ಸಮನೆ ಸದ್ದು ಮಾಡತೊಡಗಿತು. ನಾನು ಬೆಳೆದ ಬಾಲಮಂದಿರದ ಹಳೆಯ ಹುಡುಗಿಯರ ವಾಟ್ಸಪ್ ಗುಂಪು. ‘ಅಮ್ಮ ಇನ್ನಿಲ್ಲ’ ಅಂತ ಒಬ್ಬಳು ಹಾಕಿದ್ದಳು. ಅದರ ಕೆಳಗೆ ಮುಗಿದ ಕೈ, ಅಳುವ ಮುಖ, ದೀಪ, ಹೂವು. ನಾನು ರವಿಕೆ ಮುಗಿಸಿದೆ. ಹುಕ್ಕು ಒಂದೂ ಓರೆಯಾಗಲಿಲ್ಲ. ದುಃಖವಾಗಲಿಲ್ಲ ಅಂತ ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ. ಸಂತೋಷವೂ ಆಗಲಿಲ್ಲವಲ್ಲ, ಅದೇ ನನ್ನ ಸಿಟ್ಟು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳು ಅಪ್ಪ ಅಮ್ಮ ಇಲ್ಲದಾಗ, ಇದ್ದೂ ಇಲ್ಲದಂತಾದಾಗ ಬಂದು ಬೀಳುತ್ತಿದ್ದ ಒಂದು ಸರ್ಕಾರಿ ಮಂದಿರಕ್ಕೆ ಆಕೆ ಅಧೀಕ್ಷಕಿ. ಮಂದಿರ ಯಾವ ಊರಿನಲ್ಲಿತ್ತು ಅಂತ ಬರೆಯುವುದಿಲ್ಲ. ಆಕೆಯ ಹೆಸರೂ ಬರೆಯುವುದಿಲ್ಲ. ಆಕೆಗೆ ಮಗಳಿದ್ದಾಳೆ, ಮೊಮ್ಮಕ್ಕಳಿದ್ದಾರೆ, ಅವರು ನನಗೇನೂ ಮಾಡಿಲ್ಲ. ನಾವೆಲ್ಲ ಆಕೆಯನ್ನು ಅಮ್ಮ ಅಂತಲೇ ಕರೆಯಬೇಕಿತ್ತು. ಮೇಡಂ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ಇಲ್ಲಿ ನಾನು ಆಕೆ ಅನ್ನುತ್ತೇನೆ. ಅವರು ಅನ್ನುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಅವಳು ಅನ್ನುವುದಕ್ಕೆ ಈ ವಯಸ್ಸಿನಲ್ಲೂ ಭಯ.

‘ನಾನು ಯಾರ ಮೇಲೂ ಕೈ ಎತ್ತಿದವಳಲ್ಲ’ ಅನ್ನುವುದು ಆಕೆಯ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಮಂದಿರ ನೋಡುವುದಕ್ಕೆ ಬಂದ ಅಧಿಕಾರಿಗಳಿಗೂ ಹೇಳುತ್ತಿದ್ದಳು, ತರಕಾರಿಯವನಿಗೂ ಹೇಳುತ್ತಿದ್ದಳು. ಅದು ನಿಜ. ನಾನು ಅಲ್ಲಿದ್ದಷ್ಟು ವರ್ಷ ಆಕೆ ಒಬ್ಬ ಹುಡುಗಿಯ ಕೆನ್ನೆಗೂ ಹೊಡೆದವಳಲ್ಲ, ಕಿವಿ ಹಿಂಡಿದವಳಲ್ಲ. ಸಣಕಲು ಮೈ. ಗಂಜಿ ಹಾಕಿ ಇಸ್ತ್ರಿ ಮಾಡಿದ ನೂಲಿನ ಸೀರೆ, ಬಾಯಲ್ಲಿ ಏಲಕ್ಕಿ. ದನಿ ಎಷ್ಟು ಮೆತ್ತಗೆ ಅಂದರೆ ಏನು ಹೇಳುತ್ತಿದ್ದಾಳೆ ಅಂತ ಕೇಳಿಸಿಕೊಳ್ಳುವುದಕ್ಕೆ ನಾವೇ ಹತ್ತಿರ ಹೋಗಬೇಕಿತ್ತು. ಹತ್ತಿರ ಹೋದ ಮೇಲೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಆಕೆಯ ನೆನಪಿನ ಶಕ್ತಿ ದೊಡ್ಡದು. ಯಾವ ಹುಡುಗಿ ಯಾವ ಹಳ್ಳಿಯವಳು, ಯಾರು ತಂದು ಬಿಟ್ಟರು, ಬಂದ ದಿನ ಮೈಮೇಲೆ ಯಾವ ಬಣ್ಣದ ಫ್ರಾಕ್ ಇತ್ತು, ಎಲ್ಲ ಬಾಯಿಪಾಠ. ದಾನಿಗಳು ಬಂದಾಗ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ತಲೆ ಸವರುತ್ತ ಅದನ್ನೆಲ್ಲ ಹೇಳುತ್ತಿದ್ದಳು. ಇವಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವಳು. ಇವಳ ತಾಯಿ ಯಾರದೋ ಜೊತೆ ಹೋದವಳು, ಎಲ್ಲಿದ್ದಾಳೆ ಅಂತ ಇವಳಿಗೆ ಗೊತ್ತಿಲ್ಲ, ಪಾಪ. ನನ್ನ ಸರದಿ ಬಂದಾಗ ಒಂದು ತಮಾಷೆ ಕಾದಿರುತ್ತಿತ್ತು. ‘ಇವಳನ್ನ ಚಿಕ್ಕಪ್ಪ ತಂದು ಬಿಟ್ಟ. ಹಬ್ಬಕ್ಕೆ ಬಂದು ಕರ್ಕೊಂಡು ಹೋಗ್ತೀನಿ ಅಂದ. ಯಾವ ಹಬ್ಬ ಅಂತ ಕೇಳೋದು ನಾನು ಮರೆತೆ.’ ದಾನಿಗಳು ನಕ್ಕರೂ ನಗದ ಹಾಗಿರುತ್ತಿದ್ದರು. ನಾನು ನಗಬೇಕಿತ್ತು. ನಗದಿದ್ದರೆ ಈ ಮಗು ಯಾಕೋ ಮಂಕಾಗಿದೆ ಅಂತ ಅವರೆದುರಿಗೆ ಕಾಳಜಿ ಮಾಡುತ್ತಿದ್ದಳು, ಅವರು ಹೋದ ಮೇಲೆ ಬೇರೆ ಕಾಳಜಿ ಇರುತ್ತಿತ್ತು.

ಊರಿನ ಶ್ರೀಮಂತರು ತಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಮಂದಿರಕ್ಕೆ ಕೇಕು ತರುತ್ತಿದ್ದರು. ಹೊಸ ಬಟ್ಟೆ ಹಾಕಿದ ಮಗು ಕೇಕು ಕತ್ತರಿಸುತ್ತಿತ್ತು, ನಾವು ಚಪ್ಪಾಳೆ ತಟ್ಟಿ ಹಾಡುತ್ತಿದ್ದೆವು. ನಮ್ಮ ತಟ್ಟೆಗೆ ಬಂದ ತುಂಡನ್ನು ಅವರ ಕಾರು ಗೇಟು ದಾಟುವವರೆಗೆ ಯಾರೂ ಮುಟ್ಟುವ ಹಾಗಿರಲಿಲ್ಲ. ಕಾರು ದಾಟಿದ ಮೇಲೆ ಆಕೆ ಮೆತ್ತಗೆ ಕೇಳುತ್ತಿದ್ದಳು, ‘ಯಾರ ಹುಟ್ಟಿದ ದಿನ ಇವತ್ತು? ನಿಂದಾ? ನಿಂದಾ?’ ಅಲ್ಲ ಅಂತ ನಾವು ತಲೆ ಆಡಿಸುತ್ತಿದ್ದೆವು. ‘ಹಾಗಾದ್ರೆ ಯಾಕೆ ತಿನ್ನಬೇಕು?’ ಕೇಕು ಎಲ್ಲ ಡಬ್ಬಕ್ಕೆ ವಾಪಸು ಹೋಗುತ್ತಿತ್ತು. ನಮ್ಮಲ್ಲಿ ಬಹಳ ಮಂದಿಗೆ ಹುಟ್ಟಿದ ದಿನ ಯಾವುದು ಅಂತ ಗೊತ್ತೇ ಇರಲಿಲ್ಲ.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ಹೊಸದಾಗಿ ಬಂದ ಪ್ರತಿ ಚಿಕ್ಕ ಹುಡುಗಿಗೆ ಆಕೆ ಒಬ್ಬ ದೊಡ್ಡ ಹುಡುಗಿಯನ್ನು ಅಕ್ಕ ಅಂತ ಗೊತ್ತು ಮಾಡುತ್ತಿದ್ದಳು. ಅಕ್ಕ ತಲೆ ಬಾಚಬೇಕು, ಹೇನು ತೆಗೆಯಬೇಕು, ಜ್ವರ ಬಂದರೆ ಪಕ್ಕದಲ್ಲಿ ಮಲಗಬೇಕು. ಕೇಳುವುದಕ್ಕೆ ಎಷ್ಟು ಚೆಂದ ಅಲ್ಲವೇ? ಬಂದವರೆಲ್ಲ ಮೆಚ್ಚುತ್ತಿದ್ದರು, ಒಂದು ಸಲ ಪೇಪರಿನಲ್ಲೂ ಬಂತು. ಪೇಪರಿನವರಿಗೆ ಹೇಳದೆ ಬಿಟ್ಟದ್ದು ಇಷ್ಟೆ: ತಂಗಿ ತಪ್ಪು ಮಾಡಿದರೆ ಶಿಕ್ಷೆ ಕೊಡಬೇಕಾದವಳೂ ಅಕ್ಕನೇ. ಆಕೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಹುರುಳಿಕಾಯಿ ನಾರು ಬಿಡಿಸುತ್ತ ಕೂತಿರುತ್ತಿದ್ದಳು. ತಲೆ ಎತ್ತಿ ನೋಡುತ್ತಿರಲಿಲ್ಲ. ಸದ್ದಿನಲ್ಲೇ ಆಕೆಗೆ ಗೊತ್ತಾಗುತ್ತಿತ್ತು. ಏಟು ಮೆತ್ತಗೆ ಬಿದ್ದರೆ ‘ನಿಂಗೆ ತಂಗಿ ಮೇಲೆ ಪ್ರೀತಿ ಇಲ್ಲ ಅಂತ ಕಾಣುತ್ತೆ, ಅವಳು ಉದ್ಧಾರ ಆಗೋದು ಬೇಡ್ವಾ’ ಅನ್ನುತ್ತಿದ್ದಳು. ಆಮೇಲೆ ಮೊದಲಿನಿಂದ ಶುರು.

ನನಗೆ ಸಿಕ್ಕಿದ ಅಕ್ಕ ರತ್ನ. ಕೋಟೆ ಕಡೆಯವಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಆಗ ಹದಿನಾಲ್ಕು ಇದ್ದಿರಬೇಕು. ಒರಟು ಮಾತು, ಅಗಲ ಅಂಗೈ. ನಸೀಮಾ ಅನ್ನುವ ನನ್ನ ಹೆಸರನ್ನು ನಸಿ ಅಂತ ಕತ್ತರಿಸಿದವಳು ಅವಳೇ. ನನ್ನ ತಲೆಯಲ್ಲಿದ್ದ ಹೇನನ್ನೆಲ್ಲ ಬೈದು ಬೈದೇ ಓಡಿಸಿದಳು.

ಒಂದು ವರ್ಷ ರಂಜಾನಿನಲ್ಲಿ ಯಾರೋ ಅಧಿಕಾರಿ ಬಂದಿದ್ದರು. ನಮ್ಮಲ್ಲಿ ಭೇದಭಾವ ಇಲ್ಲ, ಈ ಮಗು ರೋಜಾ ಇಡುತ್ತಾಳೆ, ನಾನೇ ಇಡು ಅಂದಿದ್ದೇನೆ ಅಂತ ಆಕೆ ನನ್ನನ್ನು ಮುಂದಕ್ಕೆ ತಳ್ಳಿದಳು. ಅವರ ಎದುರಿಗೆ ಅಂದ ಮೇಲೆ ಇಡಲೇಬೇಕಾಯಿತು. ಬೆಳಗಿನ ಜಾವ ಎಬ್ಬಿಸಿ ಉಣ್ಣಿಸುವವರು ಯಾರೂ ಇರಲಿಲ್ಲ. ಸಂಜೆ ಆರಕ್ಕೆ ಅಡಿಗೆಮನೆಗೆ ಬೀಗ ಬೀಳುತ್ತಿತ್ತು. ಉಪವಾಸ ಮುರಿಯುವ ಮಗ್ರಿಬ್ ಹೊತ್ತಾಗುವುದು ಅದಾದ ಮೇಲೆ. ಬೀಗ ಹಾಕಿದ ಬಾಗಿಲ ಮುಂದೆ ನಿಂತರೆ ಆಕೆ ಹಣೆ ಮುಟ್ಟಿಕೊಂಡು, ‘ಅಯ್ಯೋ, ಮರೆತೇ ಹೋಯ್ತು ಮಗಳೇ. ನಿಮ್ಮ ದೇವರು ಮರೆತಿರಲ್ಲ ಬಿಡು, ಪುಣ್ಯ ಹೆಚ್ಚಿಗೆ ಬರುತ್ತೆ’ ಅಂದಳು. ಮಾರನೆಯ ದಿನವೂ ಮರೆತಳು. ಆಮೇಲೆ ದಿನಾ ಮರೆತಳು. ರೋಜಾ ಬಿಡುತ್ತೇನೆ ಅಂದರೆ ಅಧಿಕಾರಿಗಳಿಗೆ ಸುಳ್ಳು ಹೇಳಿದ ಹಾಗಾಗುತ್ತದೆ ಅಂದಳು.

ರತ್ನಕ್ಕ ತನ್ನ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು ಲಂಗದ ಮಡಿಕೆಯಲ್ಲಿ ಕಟ್ಟಿಕೊಂಡು ಬರತೊಡಗಿದಳು. ಬಚ್ಚಲಮನೆಯ ಹಿಂದೆ ನಿಂತು ನಾನು ನುಂಗುತ್ತಿದ್ದೆ. ಮುದ್ದೆಗೆ ಸಾರಿಲ್ಲ, ನೀರೇ ಸಾರು. ಅಷ್ಟು ರುಚಿಯಾದ ಇಫ್ತಾರನ್ನು ಆಮೇಲೆ ನಾನು ಯಾವ ಮನೆಯಲ್ಲೂ ಉಂಡಿಲ್ಲ. ಸುಮಾರು ಒಂದು ವಾರ ನಡೆಯಿತು, ಆಮೇಲೆ ಸಿಕ್ಕಿಬಿದ್ದೆವು.

ಮುದ್ದೆ ತಂದವಳು ರತ್ನ. ತಿಂದವಳು ನಾನು. ತಂಗಿಗೆ ತಿನ್ನುವ ಆಸೆ ಇಲ್ಲದಿದ್ದರೆ ಅಕ್ಕ ಯಾಕೆ ಕದಿಯುತ್ತಿದ್ದಳು, ಆದ್ದರಿಂದ ಕಳ್ಳಿ ತಂಗಿಯೇ ಅಂತ ಆಕೆಯ ತೀರ್ಮಾನ. ಒಗ್ಗರಣೆ ಸೌಟನ್ನು ಒಲೆಗೆ ಇಡಿಸಿದಳು. ಬರೆ ಎಲ್ಲಿ ಹಾಕಬೇಕು ಅಂತಲೂ ಹೇಳಿದಳು, ಮೀನಖಂಡದ ಮೇಲೆ, ಲಂಗದ ಅಂಚಿನಿಂದ ಹೊರಗೆ ಕಾಣದ ಹಾಗೆ. ರತ್ನಕ್ಕ ಆಕೆಯ ಕಾಲು ಹಿಡಿದಳು. ನಂಗೇ ಆಕ್ಬುಡಿ ಅಂದಳು. ಆಕೆ ಹುರುಳಿಕಾಯಿ ಮುರಿಯುತ್ತ, ‘ನಾನು ಯಾರ ಮೇಲೂ ಕೈ ಎತ್ತಿದವಳಲ್ಲ ಪುಟ್ಟಾ. ಸೌಟು ಆರ್ತಾ ಇದೆ. ಆರಿದರೆ ಇನ್ನೊಂದು ಸಲ ಇಡಬೇಕಾಗುತ್ತೆ’ ಅಂದಳು.

ರತ್ನಕ್ಕ ಹಾಕಿದಳು. ಅದರ ವಿವರ ಬೇಡ.

ಆಮೇಲೆ ನಡೆದದ್ದನ್ನು ಮಾತ್ರ ಬರೆಯಲೇಬೇಕು. ಆಕೆ ಎದ್ದು ಹೋಗಿ ತನ್ನ ಮನೆಯಿಂದ ತಂದಿದ್ದ ಬೆಣ್ಣೆಯ ಡಬ್ಬಿ ತಂದಳು. ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆಣ್ಣೆ ಸವರಿದಳು, ಊದಿದಳು. ಅಷ್ಟು ಹಗುರವಾದ ಬೆರಳು ನಾನು ಕಂಡಿಲ್ಲ. ನಾನು ಆಕೆಯ ಸೆರಗು ಹಿಡಿದುಕೊಂಡೇ ಅಳುತ್ತಿದ್ದೆ. ಆಕೆ ನನ್ನ ಕಿವಿಯ ಹತ್ತಿರ ಬಾಗಿ, ರತ್ನನಿಗೂ ಕೇಳುವ ಹಾಗೆ ಹೇಳಿದಳು: ‘ನೋಡು, ಎಷ್ಟು ಆಳವಾಗಿ ಹಾಕಿದ್ದಾಳೆ ನಿಮ್ಮಕ್ಕ. ಇಷ್ಟು ಹಾಕು ಅಂತ ನಾನು ಹೇಳಿದ್ನಾ?’

ಹೀಗೆ ಬರೆ ಹಾಕಿಸಿಕೊಂಡವರು ಮಂದಿರದಲ್ಲಿ ಬಹಳ ಮಂದಿ. ಅವರೆಲ್ಲರ ನೆನಪಿನಲ್ಲಿ ಉಳಿದದ್ದು ಬೆಣ್ಣೆ. ಬರೆ ಹಾಕಿದ ಕೈ ಮಾತ್ರ ಅಕ್ಕಂದಿರದು. ವಾಟ್ಸಪ್ಪಿನಲ್ಲಿ ದೀಪ ಹಚ್ಚಿದವರನ್ನು ನಾನು ಬೈಯುವುದಿಲ್ಲ, ಅವರು ಸುಳ್ಳು ಅಳುತ್ತಿಲ್ಲ.

ಆಕೆ ನಿವೃತ್ತಳಾಗಿ ಕೆ.ಆರ್. ನಗರದಲ್ಲಿ ಮನೆ ಕಟ್ಟಿಕೊಂಡಳು. ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನಾನು ಮದುವೆಯಾಗಿ ಹುಣಸೂರಿಗೆ ಬಂದೆ. ರತ್ನಕ್ಕ ಸರಗೂರಿನ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಟೀಚರಾದಳು. ಗಂಡ ಇಲ್ಲ, ಆ ಸಂಬಳದಲ್ಲೇ ಮಗಳನ್ನು ಓದಿಸುತ್ತಿದ್ದಾಳೆ. ಹೀಗಿರುವಾಗ ಬೇರೆ ಯಾವುದೋ ಜಿಲ್ಲೆಯ ಮಂದಿರದಲ್ಲಿ ಏನೋ ಆಗಿ ಗಲಾಟೆಯೆದ್ದಿತು. ಸರ್ಕಾರಿ ಮಂದಿರಗಳಲ್ಲಿ ಬೆಳೆದವರು ಹಳೆಯ ದೂರು ಏನಿದ್ದರೂ ಬಂದು ಕೊಡಬಹುದು ಅಂತ ಜಿಲ್ಲಾ ಕಚೇರಿಯಲ್ಲಿ ಒಬ್ಬ ಅಧಿಕಾರಿಯನ್ನು ಕೂರಿಸಿದರು. ನಾನು ಅಂಗಡಿಗೆ ಬಾಗಿಲು ಹಾಕಿ ಮೈಸೂರಿಗೆ ಹೋದೆ. ನನಗೆ ಪರಿಹಾರ ಬೇಕಿರಲಿಲ್ಲ. ಆಕೆ ಇದನ್ನು ಮಾಡಿಸಿದಳು ಅನ್ನುವ ಒಂದು ವಾಕ್ಯ ಸರ್ಕಾರದ ಕಡೆಯಿಂದ ಬೇಕಿತ್ತು.

ಅಧಿಕಾರಿ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ನಾನು ಬುರ್ಖಾದ ಅಂಚನ್ನು ಒಂದು ಗೇಣು ಎತ್ತಿ, ಸಲ್ವಾರು ಮೇಲಕ್ಕೆ ಸರಿಸಿ, ಗಂಡನ ಹೊರತು ಯಾವ ಗಂಡಸಿಗೂ ತೋರಿಸದ ಕಾಲು ತೋರಿಸಿದೆ. ಅವರು ಬೇಗ ಮುಖ ತಿರುಗಿಸಿಕೊಂಡು, ಯಾರು ಹಾಕಿದ್ದು ಅಂತ ಕೇಳಿದರು. ಅಧೀಕ್ಷಕಿ ಹಾಕಿಸಿದ್ದು ಅಂದೆ. ಹಾಕಿಸಿದ್ದಲ್ಲಮ್ಮ, ಹಾಕಿದವರು ಯಾರು, ಸೌಟು ಯಾರ ಕೈಯಲ್ಲಿತ್ತು ಅಂದರು. ನಾನು ಸಲ್ವಾರು ಕೆಳಕ್ಕೆ ಎಳೆದುಕೊಂಡೆ, ಹೆಸರು ಹೇಳಲಿಲ್ಲ. ಅವರು ಆಕೆಯನ್ನೂ ಕರೆಸಿ ಇನ್ನೊಂದು ದಿನ ಇಬ್ಬರನ್ನೂ ಕೂರಿಸಿದರು.

ಆಕೆ ಬಂದಳು. ಅದೇ ಗಂಜಿ ಸೀರೆ, ತಲೆ ಪೂರ್ತಿ ಬೆಳ್ಳಗೆ. ಅಧಿಕಾರಿ ತಾವಾಗಿಯೇ ಎದ್ದು ನಿಂತರು. ನನ್ನನ್ನು ನೋಡಿ ಆಕೆಯ ಕಣ್ಣು ತುಂಬಿತು. ನನ್ನ ಮಕ್ಕಳು ಎಷ್ಟು, ಅಂಗಡಿ ಹೇಗೆ ನಡೆಯುತ್ತಿದೆ, ಚಿಕ್ಕಪ್ಪ ಆಮೇಲೆ ಬಂದನಾ ಅಂತ ಕೇಳಿದಳು. ಬರೆಯ ವಿಷಯ ಬಂದಾಗ ಆಕೆ ಇಲ್ಲ ಅನ್ನಲಿಲ್ಲ. ನಾನು ಇಲ್ಲ ಅನ್ನುತ್ತಾಳೆ ಅಂತ ಅದಕ್ಕೇ ತಯಾರಾಗಿ ಬಂದಿದ್ದೆ.

‘ಆಗಿದ್ದು ಹೌದು ಸಾರ್’ ಅಂದಳು. ‘ರತ್ನ ಅಂತ ಒಬ್ಬಳು ಹುಡುಗಿ. ಸ್ವಲ್ಪ ಒರಟು. ನಾನು ಆ ಕಡೆ ತಿರುಗೋ ಹೊತ್ತಿಗೆ ಹಾಕಿಬಿಟ್ಟಿದ್ಲು. ನಾನೇ ಕೂತು ಬೆಣ್ಣೆ ಹಚ್ಚಿದೆ, ಇವಳನ್ನೇ ಕೇಳಿ. ಆ ಮಗೂದೂ ಭವಿಷ್ಯ ಹಾಳಾಗಬಾರದು ಅಂತ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಈಗ ಅವಳು ಅಂಗನವಾಡಿಯಲ್ಲಿದ್ದಾಳಂತೆ. ಪುಟ್ಟ ಪುಟ್ಟ ಮಕ್ಕಳ ಜೊತೆ.’

ಕೊನೆಯ ಮಾತನ್ನು ಎಷ್ಟು ಮೆತ್ತಗೆ ಹೇಳಿದಳೆಂದರೆ ಅಧಿಕಾರಿ ಮೇಜಿನ ಮೇಲೆ ಬಾಗಿ ಕೇಳಿಸಿಕೊಂಡರು. ಬೆಣ್ಣೆ ಹಚ್ಚಿದ್ದು ನಿಜವಾ ಅಂತ ನನ್ನನ್ನು ಕೇಳಿದರು. ನಿಜ ಅಂದೆ. ಸೌಟು ಹಿಡಿದದ್ದು ರತ್ನ ಅನ್ನುವುದು ನಿಜವಾ ಅಂದರು. ಆಗ ಅವಳೂ ಮಗುವೇ ಆಗಿದ್ದಳು ಅಂದೆ. ಇರಬಹುದು, ಆದರೆ ಮಕ್ಕಳ ಜೊತೆ ಕೆಲಸದಲ್ಲಿರುವವಳು, ಹೆಸರು ಬಂದ ಮೇಲೆ ನಾನು ಇಲಾಖೆಗೆ ಬರೆಯದೆ ಇರುವ ಹಾಗಿಲ್ಲ ಅಂದರು. ಈ ದೂರು ಮುಂದುವರಿಸುತ್ತೀರಾ ಅಂತ ಕೇಳಿದರು.

ನಾನು ದೂರು ವಾಪಸು ತೆಗೆದುಕೊಂಡೆ. ಕಾರಣ ಏನು ಅಂತ ಕೇಳಿದ್ದಕ್ಕೆ ನನ್ನ ನೆನಪು ತಪ್ಪಿತ್ತು ಅಂದೆ. ಹಾಗೆಯೇ ಬರೆದುಕೊಂಡು ಸಹಿ ಮಾಡಿಸಿದರು.

ಹೊರಗೆ ಮೆಟ್ಟಿಲ ಹತ್ತಿರ ಆಕೆ ಆಟೋ ಕಾಯುತ್ತ ನಿಂತಿದ್ದಳು. ಚೀಲದಿಂದ ಒಂದು ಏಲಕ್ಕಿ ತೆಗೆದು ನನ್ನ ಅಂಗೈಯಲ್ಲಿಟ್ಟು, ‘ಒಳ್ಳೇದು ಮಾಡಿದೆ ಮಗಳೇ. ಅಕ್ಕನ ಅನ್ನ ಕಿತ್ಕೋಬಾರದು’ ಅಂದಳು. ನಾನು ಅದನ್ನು ಎಸೆಯಬೇಕಿತ್ತು. ಬಾಯಿಗೆ ಹಾಕಿಕೊಂಡೆ. ಮೈಸೂರಿನಿಂದ ಹುಣಸೂರಿನವರೆಗೆ ಬಾಯೆಲ್ಲ ಆಕೆಯದೇ ವಾಸನೆ.

ರತ್ನಕ್ಕನ ಕೆಲಸ ಉಳಿಸಿದೆ ಅನ್ನುವ ಸಮಾಧಾನ ಹೊತ್ತುಕೊಂಡು ಸರಗೂರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಕೇಳುತ್ತ ಕೇಳುತ್ತ ಅವಳ ಮುಖ ಕಪ್ಪಿಟ್ಟಿತು. ನನ್ನ ಕೇಳದೆ ಯಾಕೆ ಹೋದೆ, ಹೋದ ಮೇಲೆ ನನ್ನ ಕೇಳದೆ ಯಾಕೆ ವಾಪಸು ಬಂದೆ ಅಂತ ಜಗಳಕ್ಕೆ ನಿಂತಳು. ಅಂಗನವಾಡಿಯಲ್ಲಿ ಇವತ್ತಿಗೂ ತಾನು ಒಲೆ ಹತ್ತಿರ ಹೋಗುವುದಿಲ್ಲ, ಮಕ್ಕಳ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವುದು ಸಹಾಯಕಿ, ಟೀಚರಿಗೆ ದೊಡ್ಡಸ್ತಿಕೆ ಅಂತ ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ ಅಂದಳು. ಕೊನೆಗೆ ಅಂದದ್ದು ನನಗೆ ಇವತ್ತಿಗೂ ಅರಗಿಲ್ಲ.

‘ನಿಂಗೆ ತೋರ್ಸಕ್ಕೆ ಒಂದು ಬರೆನಾದ್ರೂ ಅದೆ ಕಣೇ ನಸಿ. ನಾನೇನ ತೋರ್ಸ್ಲಿ? ಅವಳು ನಂಗೆ ಏನೂ ಮಾಡ್ಲಿಲ್ಲ ಅಂತ ತಾನೇ ಎಲ್ರೂ ಅನ್ನೋದು.’

ಅದಾದ ಮೇಲೆ ಬಹಳ ದಿನ ಅವಳು ನನ್ನ ಫೋನು ಎತ್ತಲಿಲ್ಲ. ಒಬ್ಬಳನ್ನು ಉಳಿಸುವುದಕ್ಕೆ ಹೋಗಿ ನಾನು ಆ ಇನ್ನೊಬ್ಬಳನ್ನು ಉಳಿಸಿ ಬಂದಿದ್ದೆ.

ಈ ನಡುವೆ ಆಕೆ ಸತ್ತಳು. ನಿದ್ದೆಯಲ್ಲೇ ಹೋದಳಂತೆ. ಅಂಥವರಿಗೆ ಸಾವೂ ಮೆತ್ತಗೆ ಬರುತ್ತದೆ. ನಾನು ಕೆ.ಆರ್. ನಗರಕ್ಕೆ ಹೋದೆ, ಯಾಕೆ ಹೋದೆ ಅಂತ ಕೇಳಬೇಡಿ. ಅಂಗಳದ ತುಂಬ ಮಂದಿರದ ಹುಡುಗಿಯರು, ಕೆಲವರು ಸೊಸೆ ತಂದವರು. ಒಬ್ಬಳು ಆಕೆಯ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಎಷ್ಟು ಬಿಡಿಸಿದರೂ ಬಿಡದೆ ಅಳುತ್ತಿದ್ದಳು. ನನಗಿಂತ ಮೊದಲೇ ರತ್ನಕ್ಕ ಬಂದಿದ್ದಳು. ಕಂಬಕ್ಕೆ ಒರಗಿ ನಿಂತವಳು ಹೂವು ಹಾಕಲಿಲ್ಲ, ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಹೆಣ ಎತ್ತುವ ಮೊದಲೇ ಹೊರಟುಹೋದಳು.

ಅವಳು ನೇರ ಜಿಲ್ಲಾ ಕಚೇರಿಗೆ ಹೋಗಿದ್ದಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದ್ದು. ಮಂದಿರದ ವಿಷಯ ದೂರು ಕೊಡಬೇಕು ಅಂದಳಂತೆ. ಅಧಿಕಾರಿ, ಅವರು ತೀರಿಹೋದರಲ್ಲಮ್ಮ, ಸತ್ತವರ ಮೇಲೆ ನಾವು ದೂರು ತಗೊಳ್ಳೋದಿಲ್ಲ ಅಂದರಂತೆ. ‘ಸತ್ತಿರೋಳು ಒಬ್ಳು ಸಾ. ಬರೆ ಆಕ್ದೋಳು ಇಲ್ಲೇ ಬದ್ಕವ್ಳೆ, ನಿಮ್ಮ ಮುಂದೇನೆ ಕುಂತವ್ಳೆ. ನನ್ನ ಮೇಲೆ ಬರ್ಕೊಳಿ’ ಅಂದಳಂತೆ ಇವಳು. ಅವರು ಎಷ್ಟು ಸಲ ಮನೆಗೆ ಹೋಗಿ ಅಂದರೂ ಕುರ್ಚಿ ಬಿಟ್ಟು ಏಳಲಿಲ್ಲವಂತೆ. ಬರೆದುಕೊಂಡರು.

ಹೋದ ವಾರ ನನಗೆ ನೋಟೀಸು ಬಂತು. ರತ್ನ ಅನ್ನುವವಳ ಮೇಲೆ ಬಂದಿರುವ ದೂರಿನಲ್ಲಿ ನಾನು ನೊಂದವಳು, ಸೋಮವಾರ ಬಂದು ಹೇಳಿಕೆ ಕೊಡಬೇಕು. ಅದರಲ್ಲಿ ಆಕೆಯ ಹೆಸರು ಎಲ್ಲೂ ಇಲ್ಲ.

ನೋಟೀಸು ಹಿಡಿದುಕೊಂಡು ಸರಗೂರಿಗೆ ಓಡಿದೆ. ರತ್ನಕ್ಕ ಅಂಗನವಾಡಿಯ ಕಟ್ಟೆಯ ಮೇಲೆ ಕೂತಿದ್ದಳು, ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಮತ್ತೆ ನೆನಪು ತಪ್ಪಿತ್ತು ಅಂತಲೇ ಹೇಳಿ ಬರುತ್ತೇನೆ ಅಂದೆ.

‘ಅಂಗೆ ಮಾಡ್ಬೇಡ’ ಅಂದಳು. ‘ಈ ಸಲ ಆಕ್ದೋಳು ನಾನೇ ಅಂತ ಯೋಳು. ಯಾರು ಅಂತ ಗೊತ್ತಾದ್ಮೇಲೆ ಯಾಕೆ ಅಂತ ಕೇಳ್ಳೇಬೇಕಲ್ಲ ಅವ್ರು. ಆಗ ಅವಳ ಎಸ್ರು ಬತ್ತದೆ.’

‘ಕೆಲಸ ಹೋಗುತ್ತೆ ರತ್ನಕ್ಕ.’

‘ಓದ್ರೆ ಓಗ್ಲಿ ಬುಡು.’

‘ಅವರು ಯಾಕೆ ಅಂತ ಕೇಳದೇ ಹೋದರೆ?’

ಅವಳು ಎದ್ದು ಅಂಗನವಾಡಿಯ ಬಾಗಿಲಿಗೆ ಬೀಗ ಹಾಕಿದಳು. ಆಮೇಲೆ ನಿಧಾನವಾಗಿ, ‘ಕೇಳ್ದಿದ್ರೆ ನಾನೇ ಅಂತಾನೇ ಇರ್ಲಿ. ಸುಳ್ಳೇನಲ್ವಲ್ಲ’ ಅಂದಳು.

ನಾಳೆ ಸೋಮವಾರ. ಆ ಅಧಿಕಾರಿಯನ್ನು ನಾನು ಬಲ್ಲೆ, ಅವರು ಕೇಳುವುದು ಒಂದೇ ಪ್ರಶ್ನೆ, ಯಾರು ಹಾಕಿದರು ಅಂತ. ಅದಕ್ಕೆ ನಿಜವಾದ ಉತ್ತರ ಒಂದೇ ಇರುವುದು, ಅದು ನನಗೆ ಮುದ್ದೆ ತಂದುಕೊಟ್ಟವಳ ಹೆಸರು.